ಕಾಫಿ ತೋಟದ ಹಾಡುಹಕ್ಕಿಗಳಿಗೆ ಮರ್ಲಿನ್ ಆ್ಯಪ್: ಹೆಸರು ಸಿಗುತ್ತದೆ, ಹಾಡಿನ ಲೆಕ್ಕ ಸಿಗುವುದಿಲ್ಲ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಸೀಮೆಯಲ್ಲಿ ಹಕ್ಕಿ ನೋಡಲು ಹೊರಡುವವರ ಫೋನಿನಲ್ಲಿ ಈಗ ಮರ್ಲಿನ್ ಇಲ್ಲದಿರುವುದು ಅಪರೂಪ. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ರೂಪಿಸಿದ ಈ ಆ್ಯಪ್ ಉಚಿತ. ನೆಟ್‌ವರ್ಕ್ ಸಿಗದ ತೋಟದೊಳಗೂ ಕೆಲಸ ಮಾಡುತ್ತದೆ. ಹಾಡು ಕೇಳಿ ಹೆಸರು ಹೇಳುವ ಸೌಂಡ್ ಐಡಿ 2021ರ ಜೂನ್‌ನಲ್ಲಿ ಶುರುವಾದಾಗ ಅಮೆರಿಕ ಮತ್ತು ಕೆನಡಾದ ಹಕ್ಕಿಗಳಿಗಷ್ಟೇ ಸೀಮಿತವಾಗಿತ್ತು. ಆಮೇಲೆ ನಮ್ಮ ಕಡೆಯ ಹಕ್ಕಿಗಳೂ ಸೇರಿಕೊಂಡವು.

"ಇದು ಯಾವ ಹಕ್ಕಿ?" ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉಚಿತ ಉಪಕರಣ ಸದ್ಯಕ್ಕೆ ಇಲ್ಲ ಎಂದೇ ನಮ್ಮ ಅಭಿಪ್ರಾಯ. ಆದರೆ ಕೊಂಬೆಯ ಮೇಲೆ ಕೂತು ಕೇಳುತ್ತಿರುವ ಹೆಣ್ಣು ಹಕ್ಕಿಗೆ ಆ ಪ್ರಶ್ನೆಯೇ ಇಲ್ಲ. ಹಾಡುತ್ತಿರುವುದು ತನ್ನದೇ ಜಾತಿಯ ಗಂಡು ಅನ್ನುವುದು ಅದಕ್ಕೆ ಗೊತ್ತು. ಅದು ತೂಗಿ ನೋಡುವುದು ಹಾಡಿನೊಳಗಿನ ಸಂಗತಿಗಳನ್ನು: ಎಷ್ಟು ಬಗೆ, ಎಷ್ಟು ವೇಗ, ಎಷ್ಟು ಹೊತ್ತು, ಪಕ್ಕದವನಿಗಿಂತ ಮೇಲೋ ಕೆಳಗೋ. ಅಷ್ಟನ್ನೂ ಮರ್ಲಿನ್ ಕೇಳಿಸಿಕೊಂಡು ಒಂದು ಹೆಸರಾಗಿ ಇಳಿಸಿಬಿಡುತ್ತದೆ. ಈ ವಿಮರ್ಶೆಯಲ್ಲಿ ಆ್ಯಪನ್ನು ಎರಡೂ ಕಡೆಯಿಂದ ನೋಡಿದ್ದೇವೆ. ಹೆಸರು ಹೇಳುವ ಕೆಲಸದಲ್ಲಿ ಅದು ಎಷ್ಟು ಗಟ್ಟಿ ಅನ್ನುವುದು ಒಂದು. ಹಾಡಿನ ವೈವಿಧ್ಯ ಅರಿಯಬೇಕು ಅನ್ನುವವರಿಗೆ ಅದೇ ಫೋನಿನಿಂದ ಎಷ್ಟು ದೂರ ಹೋಗಬಹುದು ಅನ್ನುವುದು ಇನ್ನೊಂದು.

ಮೊದಲು ಹೆಸರಿನ ಕೆಲಸ. ಆ್ಯಪ್ ಹಾಕಿಕೊಂಡ ಕೂಡಲೇ ನಮ್ಮ ಪ್ರದೇಶದ ಹಕ್ಕಿಗಳ ಪ್ಯಾಕನ್ನು ಮನೆಯ ವೈಫೈನಲ್ಲೇ ಇಳಿಸಿಕೊಳ್ಳಬೇಕು. ಪ್ಯಾಕ್ ಇಲ್ಲದೆ ತೋಟಕ್ಕೆ ಹೋಗಿ "ಕೆಲಸ ಮಾಡ್ತಿಲ್ಲ" ಅನ್ನುವವರು ಬಹಳ. ಎರಡನೆಯದು ಲೊಕೇಶನ್ ಅನುಮತಿ. ಮರ್ಲಿನ್ ಧ್ವನಿಯನ್ನು ಸ್ಪೆಕ್ಟ್ರೋಗ್ರಾಂ ಎನ್ನುವ ಚಿತ್ರವನ್ನಾಗಿ ಮಾಡಿಕೊಳ್ಳುತ್ತದೆ: ಅಡ್ಡಕ್ಕೆ ಸಮಯ, ಉದ್ದಕ್ಕೆ ಸ್ವರದ ಎತ್ತರ, ಬಣ್ಣದ ಗಾಢತೆಯೇ ಜೋರು. ಆ ಚಿತ್ರದ ಆಕಾರವನ್ನು ತಾನು ಕಲಿತ ಸಾವಿರಾರು ಚಿತ್ರಗಳೊಡನೆ ಹೋಲಿಸಿ, ಈ ಜಾಗದಲ್ಲಿ ಈ ಕಾಲದಲ್ಲಿ ಯಾವ ಹಕ್ಕಿ ಇರಬಹುದು ಎಂಬ, ಹಕ್ಕಿ ನೋಡುವವರು ತಾವು ಕಂಡದ್ದನ್ನು ಬರೆದಿಡುವ ಇಬರ್ಡ್ ಜಾಲತಾಣದ ದಾಖಲೆಗಳ ಜೊತೆ ತಾಳೆ ನೋಡುತ್ತದೆ. ಲೊಕೇಶನ್ ಆಫ್ ಇದ್ದರೆ ಈ ಎರಡನೆಯ ಜರಡಿ ಸರಿಯಾಗಿ ಹಿಡಿಯುವುದಿಲ್ಲ, ಇಲ್ಲಿ ಇರಲಾರದ ಹಕ್ಕಿಗಳು ಪಟ್ಟಿಗೆ ನುಗ್ಗುತ್ತವೆ.

ಪಿಕಳಾರ, ಟುವ್ವಿ ಹಕ್ಕಿ, ಮಡಿವಾಳ ಹಕ್ಕಿ, ಕುಟ್ರುಹಕ್ಕಿಯಂಥ ದಿನನಿತ್ಯದವನ್ನು ಅದು ಸುಲಭವಾಗಿ ಹಿಡಿಯುತ್ತದೆ. ಪಟ್ಟಿಯಲ್ಲಿರುವ ಹಕ್ಕಿ ಮತ್ತೆ ಕೂಗಿದಾಗ ಅದರ ಹೆಸರು ಬಣ್ಣ ಬದಲಿಸುತ್ತದೆ. ಕಿವಿ ಪಳಗಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಹೆಸರು ಮುಟ್ಟಿದರೆ ಮಾದರಿ ಧ್ವನಿಗಳು ಬರುತ್ತವೆ. ನಿಮ್ಮ ರೆಕಾರ್ಡಿಂಗ್‌ನ ಚಿತ್ರದ ಪಕ್ಕ ಅದನ್ನಿಟ್ಟು ನೋಡಿ ತೀರ್ಮಾನಿಸುವುದು ಸರಿಯಾದ ಕ್ರಮ.

ತಪ್ಪುವುದು ಎಲ್ಲಿ? ಮಲೆನಾಡಿನಲ್ಲಿ ದೊಡ್ಡ ಮೋಸಗಾರ ಕಾಜಾಣ. ಉದ್ದ ಬಾಲದ ತುದಿಗೆ ರಾಕೆಟ್ ಬ್ಯಾಟಿನಂಥ ಪುಕ್ಕ ಇಳಿಬಿಟ್ಟ ಈ ಹಕ್ಕಿ ಬೇರೆ ಹಕ್ಕಿಗಳ ಕೂಗನ್ನು, ಗಿಡುಗದ ಕೂಗನ್ನೂ ಸಹ, ಅಚ್ಚುಕಟ್ಟಾಗಿ ಎತ್ತಿಕೊಳ್ಳುತ್ತದೆ. ಶ್ರೀಲಂಕಾದಲ್ಲಿ ಗುಡೇಲ್ ಮತ್ತು ಕೋಟಗಮ ನಡೆಸಿದ ಅಧ್ಯಯನಗಳು ಕಾಜಾಣ ಅಪಾಯದ ಕೂಗುಗಳನ್ನು ಸಂದರ್ಭಕ್ಕೆ ತಕ್ಕ ಹಾಗೆ ಅನುಕರಿಸುತ್ತದೆ ಎಂದು ತೋರಿಸಿವೆ. ಮರ್ಲಿನ್‌ಗೆ ಅನುಕರಣೆಯ ಚಿತ್ರವೂ ಅಸಲಿಯ ಚಿತ್ರವೂ ಒಂದೇ. ಎರಡು ನಿಮಿಷದಲ್ಲಿ ಒಂದೇ ಮರದಿಂದ ಶಿಕ್ರಾ, ಪಿಕಳಾರ, ಮರಕುಟಿಗ ಎಂದೆಲ್ಲ ಬಂದರೆ ತಲೆ ಎತ್ತಿ ಕಾಜಾಣವನ್ನು ಹುಡುಕಿ. ಎಲೆಹಕ್ಕಿಗಳೂ ಕಡಿಮೆಯೇನಲ್ಲ. ಹಾಗಾಗಿ ಮರ್ಲಿನ್ ಹೇಳಿತು ಎಂಬ ಒಂದೇ ಆಧಾರದ ಮೇಲೆ ಇಬರ್ಡ್ ಪಟ್ಟಿಗೆ ಹಾಕಬಾರದು. ಸ್ವತಃ ನೋಡಿ ಅಥವಾ ಕೇಳಿ ಖಚಿತಪಡಿಸಿಕೊಂಡದ್ದಕ್ಕೆ ಮಾತ್ರ ಅಲ್ಲಿ ಜಾಗ.

ಎರಡನೆಯ ತೊಂದರೆ ತೋಟದ ಸದ್ದು. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾಗೆ ಸ್ಪ್ರಿಂಕ್ಲರ್ ಓಡಿಸುವ ಡೀಸೆಲ್ ಎಂಜಿನ್ ಚಿತ್ರದ ಕೆಳಭಾಗವನ್ನು ಪೂರ್ತಿ ಮುಚ್ಚುತ್ತದೆ. ಜೀರುಂಡೆ ಮೇಲ್ಭಾಗದಲ್ಲಿ ಗಟ್ಟಿ ಪಟ್ಟಿ ಎಳೆಯುತ್ತದೆ, ತೆಳು ದನಿಯ ಹಕ್ಕಿಗಳು ಅದರಡಿ ಮಾಯ. ಹಳ್ಳದ ನೀರಿನ ಸದ್ದು ಎಲ್ಲ ಎತ್ತರದಲ್ಲೂ ಹರಡಿಕೊಳ್ಳುತ್ತದೆ. ಮಲಬಾರ್ ವಿಸ್ಲಿಂಗ್ ಥ್ರಷ್ ಹಳ್ಳದ ಬದಿಯಲ್ಲೇ ಹಾಡುವುದರಿಂದ ಅದನ್ನು ರೆಕಾರ್ಡ್ ಮಾಡುವವರು ಹಳ್ಳಕ್ಕೆ ಬೆನ್ನು ಹಾಕಿ, ದೇಹವನ್ನೇ ಅಡ್ಡ ಮಾಡಿ ನಿಲ್ಲಬೇಕು. ಮುಳ್ಳಯ್ಯನಗಿರಿಯ ಏಣಿನ ಮೇಲೆ ಗಾಳಿಯೇ ಶತ್ರು. ಬಯಲಲ್ಲಿ ನಿಲ್ಲುವುದಕ್ಕಿಂತ ಶೋಲಾ ಕಾಡಿನ ಅಂಚಿನ ತಗ್ಗಿಗೆ ಇಳಿದರೆ ಅದೇ ಫೋನು ಎರಡು ಪಟ್ಟು ಉಪಯುಕ್ತ. ಫೋನಿನ ಮುಖ್ಯ ಮೈಕ್ ಸಾಮಾನ್ಯವಾಗಿ ಕೆಳಅಂಚಿನಲ್ಲಿರುತ್ತದೆ. ಆ ಅಂಚು ಹಕ್ಕಿಯ ಕಡೆಗಿರಲಿ, ಬೆರಳೋ ಕವರೋ ಅದನ್ನು ಮುಚ್ಚದಿರಲಿ, ಬ್ಲೂಟೂತ್ ಇಯರ್‌ಫೋನ್ ಬೇರ್ಪಡಿಸಿರಲಿ.

ಇನ್ನು ನಮಗೆ ಹೆಚ್ಚು ಮುಖ್ಯವಾದ ವಿಷಯ. ಹಾಡಿನ ವೈವಿಧ್ಯಕ್ಕೆ ಹೆಣ್ಣು ಒಲಿಯುತ್ತದೆ ಎಂಬ ಮಾತಿಗೆ ಆಧಾರ ಸಿಕ್ಕಿದ್ದು ನಮ್ಮ ತೋಟದ ಒಂದು ಹಕ್ಕಿಯ ದಾಯಾದಿಗಳಿಂದ. ಚಳಿಗಾಲದಲ್ಲಿ ಕಾಫಿ ಗಿಡಗಳ ಬುಡದಲ್ಲಿ ನಾಲಿಗೆ ಲೊಚಗುಟ್ಟಿದಂತೆ "ಚೆಕ್, ಚೆಕ್" ಎನ್ನುತ್ತ ಓಡಾಡುವ ಬೂದುಕಂದು ಹಕ್ಕಿ ಬ್ಲೈತ್ಸ್ ರೀಡ್ ವಾರ್ಬ್ಲರ್. ಇಲ್ಲಿ ಅದರದು ಒಂದೇ ಸಪ್ಪೆ ಕೂಗು. ಬೇಸಿಗೆಯಲ್ಲಿ ಫಿನ್‌ಲ್ಯಾಂಡಿನಿಂದ ಮಧ್ಯ ಏಷ್ಯಾದವರೆಗಿನ ತನ್ನ ಸಂತಾನದ ನೆಲೆಗೆ ಹೋದಾಗ ಅದೇ ಹಕ್ಕಿ ರಾತ್ರಿಯಿಡೀ ಹಾಡುತ್ತದೆ, ಹತ್ತಾರು ಹಕ್ಕಿಗಳನ್ನು ಅನುಕರಿಸುತ್ತದೆ. ಮರ್ಲಿನ್ ಪಟ್ಟಿಯಲ್ಲಿ ಎರಡೂ ಕಡೆ ಅದೇ ಹೆಸರು.

ಇದೇ ಕುಲದ ಸೆಡ್ಜ್ ವಾರ್ಬ್ಲರ್‌ನಲ್ಲಿ ಕ್ಲೈವ್ ಕ್ಯಾಚ್‌ಪೋಲ್ 1980ರಲ್ಲಿ ತೋರಿಸಿದ್ದು ಇದು: ಹಾಡಿನಲ್ಲಿ ಹೆಚ್ಚು ಬಗೆಯ ತುಣುಕುಗಳಿರುವ ಗಂಡಿಗೆ ಬೇಗ ಜೋಡಿ ಸಿಗುತ್ತದೆ. ಜೋಡಿಯಾದ ಮೇಲೆ ಆ ಗಂಡು ಹಾಡನ್ನೇ ನಿಲ್ಲಿಸಿಬಿಡುತ್ತದೆ. ಹಾಡು ಯಾರಿಗಾಗಿ ಅನ್ನುವುದಕ್ಕೆ ಇದಕ್ಕಿಂತ ನೇರ ಸುಳಿವು ಬೇಕಿಲ್ಲ. 1996ರಲ್ಲಿ ಸ್ವೀಡನ್ನಿನ ಕ್ವಿಸ್ಮಾರೆನ್ ಸರೋವರದ ಗ್ರೇಟ್ ರೀಡ್ ವಾರ್ಬ್ಲರ್‌ಗಳ ಮೇಲೆ ಹಾಸೆಲ್‌ಕ್ವಿಸ್ಟ್ ಮತ್ತು ಜೊತೆಗಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೆಣ್ಣು ತನ್ನ ಗೂಡಿನ ಜೋಡಿಯನ್ನು ಬಿಟ್ಟು ಪಕ್ಕದ ಗಂಡಿನಿಂದ ಮರಿ ಪಡೆದಾಗಲೆಲ್ಲ, ಆ ಪಕ್ಕದವನ ಹಾಡಿನ ಬಗೆ ಗೂಡಿನವನದಕ್ಕಿಂತ ಹೆಚ್ಚಿತ್ತು. ಹೆಚ್ಚು ಬಗೆ ಹಾಡುವ ಗಂಡಿನ ಮರಿಗಳು ಬದುಕುಳಿದದ್ದೂ ಹೆಚ್ಚು.

ಹೆಚ್ಚು ಬಗೆ ಹಾಡುವುದು ಏಕೆ ಒಳ್ಳೆಯ ಗುರುತು? ಹಾಡುಹಕ್ಕಿ ಹಾಡನ್ನು ಹುಟ್ಟಿನಿಂದ ತರುವುದಿಲ್ಲ, ಕೇಳಿ ಕಲಿಯುತ್ತದೆ. ಕಲಿಕೆಗೆ ಬೇಕಾದ ಮಿದುಳಿನ ಭಾಗಗಳು ಬಲಿಯುವುದು ಮರಿಯ ಮೊದಲ ವಾರಗಳಲ್ಲಿ, ಹೊಟ್ಟೆಗೆ ಕೊರತೆಯಾಗುವ ಅಪಾಯ ಹೆಚ್ಚಿರುವ ಕಾಲದಲ್ಲೇ. ಆಗ ಹಸಿದ ಮರಿ ದೊಡ್ಡದಾದ ಮೇಲೆ ಆ ನಷ್ಟವನ್ನು ತುಂಬಿಕೊಳ್ಳಲಾರದು, ಅದು ಹಾಡಿನಲ್ಲಿ ಕಾಣುತ್ತದೆ ಎಂದು ನೋವಿಕಿ, ಪೀಟರ್ಸ್, ಪೊಡೋಸ್ 1998ರಲ್ಲಿ ವಾದಿಸಿದರು. ಅಂದರೆ ಹಾಡು ಆ ಗಂಡಿನ ಬಾಲ್ಯದ ದಾಖಲೆ. ಕೆನರಿ ಹಕ್ಕಿಯಲ್ಲಿ ದೊಡ್ಡ ಹಾಡಿನ ಭಂಡಾರ ಇರುವ ಗಂಡಿಗೆ ಆ ಮಿದುಳಿನ ಕೇಂದ್ರವೂ ದೊಡ್ಡದಿರುತ್ತದೆ ಎಂದು ಫರ್ನಾಂಡೊ ನೊಟ್ಟೆಬಾಮ್ ಮತ್ತು ಜೊತೆಗಾರರು 1981ರಲ್ಲೇ ಅಳೆದು ತೋರಿಸಿದ್ದರು.

ಇಷ್ಟು ಓದಿ "ಹೆಚ್ಚು ಬಗೆ ಅಂದರೆ ಹೆಚ್ಚು ಒಲವು" ಎಂದು ಸೂತ್ರ ಮಾಡಿಕೊಳ್ಳಬೇಡಿ. ಬ್ರೂಸ್ ಬೈಯರ್ಸ್ ಮತ್ತು ಡೊನಾಲ್ಡ್ ಕ್ರೂಡ್ಸ್‌ಮಾ 2009ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ, ಹೆಚ್ಚಿನ ಜಾತಿಗಳಲ್ಲಿ ಹೆಣ್ಣು ಬಗೆಗಳ ಎಣಿಕೆ ನೋಡಿ ಆರಿಸುತ್ತದೆ ಎನ್ನಲು ಸಾಕಷ್ಟು ಆಧಾರ ಕಾಣಲಿಲ್ಲ. ಎದುರಾಳಿ ಗಂಡುಗಳನ್ನು ದೂರ ಇಡುವುದಕ್ಕೂ ವೈವಿಧ್ಯ ಬೇಕು. ಜಾನ್ ಕ್ರೆಬ್ಸ್ ಮತ್ತು ಜೊತೆಗಾರರು ಇಂಗ್ಲೆಂಡಿನಲ್ಲಿ ಗ್ರೇಟ್ ಟಿಟ್ ಗಂಡುಗಳನ್ನು ತೆಗೆದು ಅವುಗಳ ಜಾಗದಲ್ಲಿ ಸ್ಪೀಕರ್ ಇಟ್ಟರು. ಒಂದೇ ಹಾಡಿನ ಸ್ಪೀಕರ್ ಇದ್ದ ಜಾಗಕ್ಕಿಂತ ಹಲವು ಹಾಡಿನ ಸ್ಪೀಕರ್ ಇದ್ದ ಜಾಗಕ್ಕೆ ಹೊಸ ಗಂಡುಗಳು ಬಂದದ್ದು ತಡವಾಗಿ. ಆ ಹಕ್ಕಿಯ ಹತ್ತಿರದ ನೆಂಟ ನಮ್ಮಲ್ಲಿಯ ಸಿನೇರಿಯಸ್ ಟಿಟ್. ಕೆನರಿಯಲ್ಲಂತೂ ಎಣಿಕೆಗಿಂತ ಒಂದು ವಿಶೇಷ ತುಣುಕೇ ಮುಖ್ಯ: ಸೆಕೆಂಡಿಗೆ 16ಕ್ಕೂ ಹೆಚ್ಚು ಸಲ, ಎರಡು ದನಿ ಸೇರಿಸಿ ಮಿಡಿಯುವ ತುಣುಕು ಕೇಳಿದರೆ ಹೆಣ್ಣು ಕೂಡುವ ಭಂಗಿಗೆ ಬರುತ್ತದೆ ಎಂದು ವ್ಯಾಲೆ ಮತ್ತು ಕ್ರೂಟ್ಸರ್ 1995ರಲ್ಲಿ ಕಂಡರು. ಶ್ವಾಸನಾಳದ ಬುಡದಲ್ಲಿ ದನಿ ಹೊರಡಿಸುವ ಸಿರಿಂಕ್ಸ್ ಅಂಗದ ಎಡ, ಬಲ ಭಾಗಗಳು ಬೇರೆ ಬೇರೆಯಾಗಿ ದುಡಿಯುವುದರಿಂದ ಇದು ಸಾಧ್ಯ. ಹಾಸನದ ಕೆರೆ ಬದಿಯ ತೆಂಗು, ಈಚಲು ಮರಗಳಲ್ಲಿ ಗೂಡು ನೇಯುವ ಗೀಜಗದ ಹೆಣ್ಣು ನೋಡುವುದು ಹೆಚ್ಚಾಗಿ ಗೂಡನ್ನು, ಅದು ಇರುವ ಜಾಗವನ್ನು. ಒಂದೊಂದು ಜಾತಿಯ ಲೆಕ್ಕ ಒಂದೊಂದು.

ಇನ್ನೊಂದು ತಪ್ಪು ನಂಬಿಕೆಯನ್ನೂ ಬಿಡಬೇಕು: ಗಂಡು ಹಾಡುತ್ತದೆ, ಹೆಣ್ಣು ಕೇಳುತ್ತದೆ, ಅಷ್ಟೇ ಅನ್ನುವುದು. 2014ರ ಒಂದು ಜಾಗತಿಕ ಪರಿಶೀಲನೆಯಲ್ಲಿ, ನೋಡಿದ ಹಾಡುಹಕ್ಕಿ ಜಾತಿಗಳ ಪೈಕಿ ಶೇ. 71ರಲ್ಲಿ ಹೆಣ್ಣೂ ಹಾಡುತ್ತದೆ ಎಂದು ಕಂಡಿತು. ಮಲೆನಾಡಿನ ಇಂಡಿಯನ್ ಸಿಮಿಟರ್ ಬ್ಯಾಬ್ಲರ್ ಜೋಡಿಯ ಜುಗಲ್‌ಬಂದಿ ಕೇಳಿ. ಗಂಡಿನ ಗುಳುಗುಳು ದನಿ ಮುಗಿಯುವಷ್ಟರಲ್ಲಿ ಹೆಣ್ಣಿನ ಉತ್ತರ ಬಂದಿರುತ್ತದೆ. ಒಂದೇ ಹಕ್ಕಿ ಕೂಗಿದಂತೆ ಕೇಳುತ್ತದೆ, ಮರ್ಲಿನ್ ಪಟ್ಟಿಯಲ್ಲೂ ಒಂದೇ ಸಾಲು. ಹಾಡೋ ಕೂಗೋ, ಗಂಡೋ ಹೆಣ್ಣೋ, ಒಂದೋ ನಾಲ್ಕೋ ಎಂದು ಆ್ಯಪ್ ವಿಂಗಡಿಸುವುದಿಲ್ಲ.

ಹಾಗಿದ್ದರೆ ವೈವಿಧ್ಯವನ್ನು ಅಳೆಯುವುದು ಹೇಗೆ? ಮರ್ಲಿನ್‌ನ ರೆಕಾರ್ಡಿಂಗ್ ಫೋನಿನಲ್ಲೇ ಉಳಿಯುತ್ತದೆ, ಅದನ್ನು ಹೊರತೆಗೆಯಬಹುದು. ನಮಗೆ ಆ್ಯಪಿನಲ್ಲಿ ಅತ್ಯಂತ ಬೆಲೆಯುಳ್ಳದ್ದು ಇದೇ, ಇದನ್ನು ಬಳಸುವವರೇ ಕಡಿಮೆ. ಕಡತ ಫೋನಿನಲ್ಲಿ ಮಾತ್ರ ಇರುವುದರಿಂದ ಆ್ಯಪ್ ತೆಗೆದುಹಾಕಿದರೆ ಅದೂ ಹೋಗುತ್ತದೆ. ಆಗಾಗ ಬೇರೆಡೆ ನಕಲು ಮಾಡಿಟ್ಟುಕೊಳ್ಳಿ.

ಶುರುಮಾಡಲು ಮಡಿವಾಳ ಹಕ್ಕಿ, ಅಂದರೆ ಮ್ಯಾಗ್‌ಪೈ ರಾಬಿನ್, ಒಳ್ಳೆಯದು. ಬೇಸಿಗೆ ಹತ್ತಿರವಾದಂತೆ ಗಂಡು ಮನೆ ಹತ್ತಿರದ ಸಿಲ್ವರ್ ಓಕ್ ತುದಿ, ಲೈಟ್ ಕಂಬ, ಕಣದ ಶೆಡ್ಡಿನ ಮೂಲೆ ಹಿಡಿದು ಬೆಳಕು ಹರಿಯುವ ಮೊದಲೇ ಹಾಡತೊಡಗುತ್ತದೆ. ದಿನವೂ ಅದೇ ಜಾಗ ಹಿಡಿಯುವುದರಿಂದ ಒಂದೇ ಹಕ್ಕಿಯನ್ನು ಹಿಂಬಾಲಿಸುವುದು ಸುಲಭ. ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಹತ್ತು ಹದಿನೈದು ಮೀಟರ್ ದೂರದಲ್ಲಿ ಕೈಯಲ್ಲಿ ಹಿಡಿಯದೆ ಕಂಬಕ್ಕೋ ಟ್ರೈಪಾಡಿಗೋ ಕಟ್ಟಿ. ಕೈಯ ಸಣ್ಣ ಉಜ್ಜಾಟವೂ ರೆಕಾರ್ಡಿನಲ್ಲಿ ಗುಡುಗಿನಂತೆ ಕೇಳುತ್ತದೆ. ಇಪ್ಪತ್ತರಿಂದ ಮೂವತ್ತು ನಿಮಿಷ ಬಿಡದೆ ರೆಕಾರ್ಡ್ ಮಾಡಿ, ಕೊನೆಗೆ ಜಾಗ, ದಿನ, ಹೊತ್ತು, ಹಕ್ಕಿ ಕಂಡಿತೋ ಇಲ್ಲವೋ ಎಂದು ಬಾಯಲ್ಲೇ ಹೇಳಿ ಮುಗಿಸಿ. ವಾಟ್ಸಾಪ್ ವಾಯ್ಸ್ ನೋಟ್ ಬೇಡವೇ ಬೇಡ. ಅದು ಮಾತಿಗೆಂದು ಧ್ವನಿಯನ್ನು ಹಿಂಡುತ್ತದೆ, ಹಾಡಿನ ಸೂಕ್ಷ್ಮ ಹೋಗಿಬಿಡುತ್ತದೆ. ಹಿಂಡದ ಮೂಲ ವೇವ್ (.wav) ಕಡತವನ್ನೇ ಕೇಬಲ್ ಮೂಲಕ ಅಥವಾ ಡ್ರೈವ್ ಮೂಲಕ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಿ.

ಲ್ಯಾಪ್‌ಟಾಪಿನಲ್ಲಿ ಕಾರ್ನೆಲ್‌ನದೇ ಉಚಿತ ಧ್ವನಿ ತಂತ್ರಾಂಶ ರೇವನ್ ಲೈಟ್ ಅಥವಾ ಎಲ್ಲರಿಗೂ ಗೊತ್ತಿರುವ ಆಡಾಸಿಟಿ ಸಾಕು. ಆಡಾಸಿಟಿಯಲ್ಲಿ ಟ್ರ್ಯಾಕನ್ನು ಸ್ಪೆಕ್ಟ್ರೋಗ್ರಾಂ ನೋಟಕ್ಕೆ ತಂದು, ಎತ್ತರದ ಮಿತಿಯನ್ನು 10 ಕಿಲೋಹರ್ಟ್ಸ್‌ಗೆ ಇಡಿ. ವಿಂಡೋ ಗಾತ್ರವನ್ನು, ಅಂದರೆ ಒಂದು ಸಲಕ್ಕೆ ಎಷ್ಟು ಉದ್ದದ ಧ್ವನಿ ತುಂಡನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನುವುದನ್ನು, ಆರಿಸುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. 48 ಕಿಲೋಹರ್ಟ್ಸ್ ಕಡತದಲ್ಲಿ (ಸೆಕೆಂಡಿಗೆ 48,000 ಮಾದರಿ) 512 ಮಾದರಿಯ ವಿಂಡೋ ಅಂದರೆ ಸುಮಾರು 11 ಮಿಲಿಸೆಕೆಂಡ್, ವೇಗದ ಮಿಡಿತಗಳು ಬಿಡಿಬಿಡಿಯಾಗಿ ಕಾಣುತ್ತವೆ. 2048 ಇಟ್ಟರೆ ಸುಮಾರು 43 ಮಿಲಿಸೆಕೆಂಡ್: ಸ್ವರದ ಎತ್ತರ ನಿಖರ, ಆದರೆ ಸೆಕೆಂಡಿಗೆ ಹದಿನಾರು ಸಲ ಮಿಡಿಯುವ ತುಣುಕು ಕಲಸಿಹೋಗುತ್ತದೆ. ಮೊದಲು 512ರಲ್ಲೇ ನೋಡಿ.

ಈಗ ಮೊದಲ ವರಸೆಗೆ, ಅಂದರೆ ಒಂದು ಮೌನದಿಂದ ಇನ್ನೊಂದು ಮೌನದವರೆಗಿನ ಹಾಡಿನ ತುಂಡಿಗೆ, "ಅ" ಎಂದು ಗುರುತು ಹಾಕಿ. ಎರಡನೆಯದು ಬೇರೆ ಆಕಾರದ್ದಾದರೆ "ಆ", ಹಳೆಯದೇ ಬಂದರೆ ಮತ್ತೆ "ಅ". ಒಂದು ಹಾಳೆಯಲ್ಲಿ ಅಡ್ಡಕ್ಕೆ ಇದುವರೆಗೆ ಹಾಡಿದ ಒಟ್ಟು ವರಸೆ, ಉದ್ದಕ್ಕೆ ಹೊಸ ಬಗೆಗಳ ಎಣಿಕೆ ಬರೆಯುತ್ತ ಹೋಗಿ. ಗೆರೆ ಮೊದಲು ಚುರುಕಾಗಿ ಏರಿ, ಆಮೇಲೆ ಮಟ್ಟಸವಾದರೆ ಆ ಹಕ್ಕಿಯ ಭಂಡಾರ ನಿಮಗೆ ಬಹುಪಾಲು ಸಿಕ್ಕಿತು. ಏರುತ್ತಲೇ ಇದ್ದರೆ ರೆಕಾರ್ಡಿಂಗ್ ಸಾಲದು. ಅನುಕರಣೆ ಮಾಡುವ ಹಕ್ಕಿಗಳಲ್ಲಿ ಗೆರೆ ಬೇಗ ಮಟ್ಟಸವಾಗಲಿ ಎಂದು ಕಾಯಬೇಡಿ. ಇಬ್ಬರು ಬೇರೆ ಬೇರೆ ಕೂತು ಗುರುತು ಹಾಕಿ ಹೋಲಿಸಿದರೆ ಒಳ್ಳೆಯದು. ಒಬ್ಬರು ಸಣ್ಣ ವ್ಯತ್ಯಾಸಕ್ಕೂ ಹೊಸ ಅಕ್ಷರ ಕೊಡುತ್ತಾರೆ, ಇನ್ನೊಬ್ಬರು ಎಲ್ಲವನ್ನೂ ಒಂದರಲ್ಲಿ ತುಂಬುತ್ತಾರೆ, ಎಣಿಕೆ ಅಲ್ಲೇ ಕೆಡುತ್ತದೆ. ಮಧ್ಯದಲ್ಲಿ ಪಕ್ಕದ ಗಂಡು ಅದೇ ಕೊಂಬೆಗೆ ಬಂದು ಹಾಡಿದರೂ ಕೆಡುತ್ತದೆ, ಹಾಗಾಗಿ ಕಣ್ಣು ಹಕ್ಕಿಯ ಮೇಲೇ ಇರಬೇಕು. ಮಡಿವಾಳದ ಹೆಣ್ಣೂ ಕೆಲವೊಮ್ಮೆ ಹಾಡುತ್ತದೆ. ಗಂಡಿನ ಹೊಳೆಯುವ ಕಪ್ಪು ಇದ್ದಲ್ಲಿ ಅದರದು ಬೂದು.

ಅರಸೀಕೆರೆ ಕಡೆಯ ಒಣಬಯಲಿನಲ್ಲಿ ಇದೇ ಕೆಲಸ ಇನ್ನೂ ಸಲೀಸು. ಅಡ್ಡ ಮರಗಳಿಲ್ಲ, ಹಾಡುವ ನೆಲಗುಬ್ಬಿ ಪೊದೆಯ ತುದಿಯಲ್ಲಿ ಕಣ್ಣಿಗೆ ಬೀಳುತ್ತದೆ. ಗಾಳಿ ಏಳುವ ಮೊದಲು ಮುಗಿಸಬೇಕು, ಅಷ್ಟೇ.

ಪಕ್ಕದ ಉಪಕರಣಗಳ ಬಗ್ಗೆ ಎರಡು ಮಾತು. ಕಾರ್ನೆಲ್ ಮತ್ತು ಜರ್ಮನಿಯ ಕೆಮ್ನಿಟ್ಸ್ ತಾಂತ್ರಿಕ ವಿಶ್ವವಿದ್ಯಾಲಯ ಸೇರಿ ಮಾಡಿದ ಬರ್ಡ್‌ನೆಟ್ ಮೂರು ಸೆಕೆಂಡಿನ ತುಂಡುಗಳಾಗಿ ಧ್ವನಿಯನ್ನು ಪರೀಕ್ಷಿಸುತ್ತದೆ. ಗಂಟೆಗಟ್ಟಲೆ ಕಡತಗಳನ್ನು ಲ್ಯಾಪ್‌ಟಾಪಿನಲ್ಲಿ ಒಟ್ಟಿಗೆ ಜಾಲಾಡಲು ಮರ್ಲಿನ್‌ಗಿಂತ ಅದೇ ಮೇಲು. ರಾತ್ರಿ ಹಗಲು ತೋಟದಲ್ಲೇ ಬಿಟ್ಟುಬರುವಂಥ ರೆಕಾರ್ಡರ್ ಬೇಕಾದರೆ ಆಡಿಯೋಮಾತ್: 58 × 48 × 15 ಮಿ.ಮೀ. ಗಾತ್ರ, ಮೂರು ಡಬಲ್‌ಎ ಸೆಲ್, ಒಂದು ಮೈಕ್ರೋ ಎಸ್‌ಡಿ ಕಾರ್ಡ್. 48 ಕಿಲೋಹರ್ಟ್ಸ್, 16 ಬಿಟ್‌ನಲ್ಲಿ ಗಂಟೆಗೆ ಸುಮಾರು 345 ಎಂಬಿ ಆಗುತ್ತದೆ, 32 ಜಿಬಿ ಕಾರ್ಡಿಗೆ 90 ಗಂಟೆ. ಬೆಳಿಗ್ಗೆ ಐದರಿಂದ ಎಂಟರವರೆಗೆ ಮಾತ್ರ ಏಳುವಂತೆ ಹೊಂದಿಸಿದರೆ ಅದೇ ಕಾರ್ಡು ತಿಂಗಳು ಸಾಕು. ಮಲೆನಾಡಿನ ಮಳೆಗೆ ಬರಿಯ ಬೋರ್ಡು ನಿಲ್ಲದು, ರಬ್ಬರ್ ಸೀಲಿನ ಪೆಟ್ಟಿಗೆಯಲ್ಲೇ ಇಡಬೇಕು, ಜೊತೆಗೆ ಸಿಲಿಕಾ ಜೆಲ್ ಚೀಲ. ಮರಕ್ಕೆ ಕಟ್ಟುವಾಗ ಮೆಣಸಿನ ಬಳ್ಳಿಯ ಎಲೆ ಮೈಕಿಗೆ ಬಡಿಯದಂತೆ ನೋಡಿಕೊಳ್ಳಿ. ಹೆಣ್ಣಿನ ಆಯ್ಕೆಯ ಬಗ್ಗೆ ಆಡಿಯೋಮಾತ್ ಕೂಡ ಏನೂ ಹೇಳದು. ಯಾವ ಗಂಡಿಗೆ ಯಾವಾಗ ಜೋಡಿ ಸಿಕ್ಕಿತು, ಗೂಡು ಯಾವಾಗ ಶುರು ಅನ್ನುವುದನ್ನು ಕಣ್ಣಿನಿಂದ ನೋಡಿ ಬರೆದಿಟ್ಟರೆ ಮಾತ್ರ ಹಾಡಿನ ಎಣಿಕೆಗೆ ಅರ್ಥ ಬರುತ್ತದೆ.

ಮರ್ಲಿನ್‌ನಲ್ಲಿ ನಾವು ಒಪ್ಪದ ಬಳಕೆ ಒಂದಿದೆ. ಅದರಲ್ಲಿರುವ ಮಾದರಿ ಹಾಡುಗಳನ್ನು ಜೋರಾಗಿ ಹಾಕಿ ಹಕ್ಕಿಯನ್ನು ಫೋಟೋಗೆಂದು ಹತ್ತಿರ ಕರೆಯುವುದು. ಗಂಡು ಬರುತ್ತದೆ, ಕಾಣದ ಎದುರಾಳಿಯ ಜೊತೆ ಜಗಳಕ್ಕೆ ನಿಲ್ಲುತ್ತದೆ, ಹೆಣ್ಣು ಅದನ್ನು ಕೇಳುತ್ತಿರುತ್ತದೆ. ಕೆನಡಾದಲ್ಲಿ ಬ್ಲ್ಯಾಕ್‌ಕ್ಯಾಪ್ಡ್ ಚಿಕಡಿ ಹಕ್ಕಿಗಳ ಮೇಲೆ ಮೆನ್ನಿಲ್, ರ‍್ಯಾಟ್‌ಕ್ಲಿಫ್, ಬೋಗ್ 2002ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಪರೀಕ್ಷಿಸಿತು. ಗುಂಪಿನಲ್ಲಿ ಮೇಲಿನ ಸ್ಥಾನದ ಗಂಡು ಸ್ಪೀಕರಿನ ಹಾಡಿನೆದುರು ಸೋತಂತೆ ಕೇಳಿಸುವ ಹಾಗೆ ಕೆಲವೇ ನಿಮಿಷ ಹಾಡು ಹಾಕಿದರು. ಆಮೇಲೆ ಅಂಥ ಗಂಡುಗಳ ಗೂಡಿನಲ್ಲಿ ಬೇರೆ ಗಂಡಿನ ಮರಿಗಳು ಹೆಚ್ಚಾಗಿ ಸಿಕ್ಕವು. ತೋಟದಲ್ಲಿ ಹೋಮ್‌ಸ್ಟೇ ನಡೆಸುವವರು ಅತಿಥಿಗಳಿಗೆ ಇದನ್ನು ಮೊದಲೇ ತಿಳಿಸುವುದು ಒಳ್ಳೆಯದು. ಮಾದರಿ ಹಾಡು ಕೇಳಬೇಕಾದರೆ ಇಯರ್‌ಫೋನ್ ಹಾಕಿಕೊಂಡು ಕೇಳಲಿ, ಅಥವಾ ಕೋಣೆಯೊಳಗೆ ಕಿಟಕಿ ಮುಚ್ಚಿ. ಮಾರ್ಚ್‌ನಿಂದ ಜುಲೈವರೆಗೆ ಹೆಚ್ಚಿನ ಹಕ್ಕಿಗಳು ಗೂಡಿನಲ್ಲಿರುವ ಕಾಲದಲ್ಲಿ ಹೊರಗೆ ಸ್ಪೀಕರ್ ಬೇಡ.